ಮೆಂಫಿಸಿನ ಮಲ್ಲಪಟ್ಟ: ರಸಿಕರಿಗೊಂದು ಕೈಪಿಡಿ

ಜಯಾಪಜಯಗಳು ಮೊದಲೇ ನಿಶ್ಚಿತವಾಗಿರುವ ಕುಸ್ತಿಯಲ್ಲಿ ನೋಡತಕ್ಕದ್ದೇನಿದೆಯೆಂದು ಕೇಳುವವರು, ದುರ್ಯೋಧನನ ತೊಡೆ ಮುರಿಯುವುದೆಂದು ಬಲ್ಲವರಾಗಿಯೂ ಗದಾಯುದ್ಧದ ಬಯಲಾಟಕ್ಕೆ ಇರುಳಿಡೀ ಕಣ್ಣುನೆಟ್ಟು ಕುಳಿತ ನಮ್ಮ ಹಿರಿಯರನ್ನು ಒಮ್ಮೆ ನೆನೆಯಬೇಕು. ಅಮೆರಿಕದ ವೃತ್ತಿಕುಸ್ತಿಯೂ ಅಂಥದೇ ದೃಶ್ಯಕಲೆಯಾದುದರಿಂದ, ಅದರ ಪ್ರಾದೇಶಿಕ ಪಟ್ಟಗಳ ಚರಿತ್ರೆಯನ್ನು ಕ್ರೀಡೆಯ ದಾಖಲೆಯೆಂದೆಣಿಸದೆ, ಒಂದು ಊರು ವಾರವಾರವೂ ಆಲಿಸಿದ ದೀರ್ಘಕಥೆಯೆಂದು ಓದುವುದೇ ಯುಕ್ತ.

1948ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್, ದೇಶವನ್ನು ಸೀಮೆಗಳಾಗಿ ಹಂಚಿಕೊಂಡ ವ್ಯವಸ್ಥಾಪಕರ ಒಕ್ಕೂಟವಾಗಿತ್ತು. ಒಂದೊಂದು ಸೀಮೆಗೂ ವಿಶ್ವಪಟ್ಟದ ಮಲ್ಲನು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಅತಿಥಿಯಾಗಿದ್ದ. ಸೀಮೆಯ ಪಟ್ಟವನ್ನು ಧರಿಸಿದವನಾದರೋ ಜನರ ನಿತ್ಯಪರಿಚಿತನಾಗಿದ್ದ. ಟೆನೆಸಿಯ ಮೆಂಫಿಸ್ ನಗರದ ಸದರ್ನ್ ಹೆವಿವೇಟ್ ಪಟ್ಟವು ಇದಕ್ಕೆ ಅತ್ಯುತ್ತಮ ನಿದರ್ಶನ. ಶನಿವಾರ ಬೆಳಿಗ್ಗೆ ದೂರದರ್ಶನದಲ್ಲಿ ವೈರವನ್ನು ಬಿತ್ತಿ, ಸೋಮವಾರ ರಾತ್ರಿ ಮಿಡ್-ಸೌತ್ ಕೊಲಿಸಿಯಮ್ಮಿನಲ್ಲಿ ಅದರ ಫಲವನ್ನು ತೋರಿಸುವುದು ಅಲ್ಲಿನ ಪದ್ಧತಿಯಾಗಿತ್ತು. ಪಟ್ಟವು ಅಷ್ಟು ಬೇಗ ಬೇಗ ಕೈಬದಲಾದುದು, ಅದೇ ಜನ ಮುಂದಿನ ಸೋಮವಾರವೂ ಬರಬೇಕಾದ ಕಾರಣದಿಂದ.

1974ರಲ್ಲಿ ಯುವಕ ಜೆರ್ರಿ ಲಾಲರ್, ತನಗೆ ದಾರಿತೋರಿದ ಹಿರಿಯ ಜ್ಯಾಕಿ ಫಾರ್ಗೋನನ್ನು ಸೋಲಿಸಿ ಪಟ್ಟವೇರಿದ. ಆ ಮೇಲೆ ಕಿರೀಟ ಧರಿಸಿ ‘ಕಿಂಗ್’ ಎನಿಸಿಕೊಂಡ ಅವನು, ಬಿಲ್ ಡಂಡೀಯೊಡನೆ ವರ್ಷಗಟ್ಟಲೆ ಕಾದಾಡಿ, ಆ ಪಟ್ಟವನ್ನು ಹತ್ತಾರು ಸಲ ಕಳೆದುಕೊಂಡು ಹತ್ತಾರು ಸಲ ಮರಳಿ ಪಡೆದ. ನವರಸಿಕನು ಗಮನಿಸಬೇಕಾದುದು ಗೆಲುವುಗಳನ್ನಲ್ಲ, ಈ ಸೋಲುಗಳನ್ನು. ನ್ಯಾಯವಾಗಿ ಸೋತನೋ, ತೀರ್ಪುಗಾರನ ಬೆನ್ನ ಹಿಂದಿನ ಮೋಸದಿಂದಲೋ ಎಂಬುದರಲ್ಲೇ ಮುಂದಿನ ಅಂಕದ ಬೀಜವಿರುತ್ತದೆ.

ನಿಯಮಗಳನ್ನೂ ಅರಿತಿರಬೇಕು. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಕ್ಕುವ ‘ಪೈಲ್‌ಡ್ರೈವರ್’ ಪಟ್ಟು ಮೆಂಫಿಸಿನಲ್ಲಿ ನಿಷಿದ್ಧವಾಗಿತ್ತು. 1982ರ ಏಪ್ರಿಲ್ 5ರಂದು, ಪಟ್ಟ ಪಣಕ್ಕಿಲ್ಲದ ಪಂದ್ಯವೊಂದರಲ್ಲಿ, ಊರಿನ ಜನರನ್ನು ಹೀಯಾಳಿಸಿದ್ದ ನಟ ಆ್ಯಂಡಿ ಕಾಫ್‌ಮನ್‌ನ ಮೇಲೆ ಲಾಲರ್ ಅದನ್ನೇ ಪ್ರಯೋಗಿಸಿದಾಗ, ಶಾಸ್ತ್ರಪ್ರಕಾರ ಸೋತವನು ಲಾಲರನೇ. ಆದರೂ ಸಭೆ ಹರ್ಷಿಸಿತು. ಎಲ್ಲವೂ ಪೂರ್ವನಿಯೋಜಿತವೆಂಬುದು ಎಷ್ಟೋ ವರ್ಷಗಳ ಮೇಲೆ ಬಯಲಾದರೂ ಆ ರಾತ್ರಿಯ ರಸ ಕಿಂಚಿತ್ತೂ ಕುಂದಿಲ್ಲ. ನಿಷೇಧವೇ ಇಲ್ಲದಿದ್ದಲ್ಲಿ ಆ ಪಟ್ಟಿಗೆ ಅಷ್ಟು ತೂಕ ಎಲ್ಲಿಂದ ಬರುತ್ತಿತ್ತು?

1988ರ ಮೇ 9ರಂದು, ಅದೇ ಮೆಂಫಿಸಿನಲ್ಲಿ, ಲಾಲರ್ ಕರ್ಟ್ ಹೆನ್ನಿಗ್‌ನನ್ನು ಮಣಿಸಿ ಮತ್ತೊಂದು ಸಂಸ್ಥೆಯಾದ ಅಮೆರಿಕನ್ ರೆಸ್ಲಿಂಗ್ ಅಸೋಸಿಯೇಷನ್ನಿನ ವಿಶ್ವಪಟ್ಟವನ್ನೂ ಗೆದ್ದ. ಹೊಸಬರು ಅಲ್ಲಿಂದ ಆರಂಭಿಸುವುದು ಬೇಡ; ಮೊದಲು ಡಂಡೀಯೊಡನೆ ನಡೆದ ಪಂದ್ಯಗಳನ್ನು ಸಾವಧಾನವಾಗಿ ನೋಡಿ, ಆಮೇಲೆ ಆ ರಾತ್ರಿಗೆ ಬನ್ನಿ.