ಮೇರಿಯ ಛಲ, ಓದುಗರ ಹರ್ಷ

ಇಂಗ್ಲಿಷ್ ಲೇಖಕಿ ಡ್ಯಾಫ್ನಿ ಡು ಮಾರಿಯೆ ಅವರ ‘ಜಮೈಕಾ ಇನ್’ (1936) ಪ್ರಣಯ ಮತ್ತು ರಹಸ್ಯಗಳೆರಡನ್ನೂ ಹೆಣೆದ ಐತಿಹಾಸಿಕ ಕಾದಂಬರಿ. ಕಥೆ ನಡೆಯುವುದು 19ನೆಯ ಶತಮಾನದ ಆರಂಭದ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ. 23 ವರ್ಷದ ಮೇರಿ ಯೆಲನ್, ಮೃತ ತಾಯಿಗಿತ್ತ ಮಾತಿನಂತೆ ಚಿಕ್ಕಮ್ಮನ ಮನೆ ಸೇರುತ್ತಾಳೆ. ನಿರ್ಜನ ಬಯಲಿನ ಆ ವಸತಿಗೃಹದಲ್ಲಿ ಪ್ರಯಾಣಿಕರು ತಂಗುವುದಿಲ್ಲ. ರಾತ್ರಿ ಮಾತ್ರ ಬಂಡಿಗಳು ಬರುತ್ತವೆ. ಸುಳ್ಳು ದೀಪ ತೋರಿಸಿ ಬಂಡೆಗೆ ಬಡಿಸಿದ ಹಡಗುಗಳ ಸರಕು ಅವುಗಳಲ್ಲಿರುತ್ತದೆ. ಈಜಿ ದಡ ಸೇರಿದ ನಾವಿಕರಿಗೂ ಉಳಿವಿಲ್ಲ.

ಈ ತಂಡದ ನಾಯಕನಾರೆಂಬ ಕುತೂಹಲ ಓದುಗರನ್ನು ಕೊನೆಯವರೆಗೂ ಹಿಡಿದಿಡುತ್ತದೆ. ಆ ಗುಟ್ಟನ್ನು ಇಲ್ಲಿ ಬಿಡಿಸುವುದು ಉಚಿತವಲ್ಲ. ಆದರೆ ಕೃತಿಯ ಸತ್ವವಿರುವುದು ಮೇರಿಯ ಧರ್ಮಸಂಕಟದಲ್ಲಿ. ಓಡಿಹೋದರೆ ಚಿಕ್ಕಮ್ಮ ಒಂಟಿಯಾಗುತ್ತಾಳೆ. ಬಾಯಿ ಮುಚ್ಚಿದರೆ ಕೊಲೆಗೆ ಸಮ್ಮತಿಯಿತ್ತಂತಾಗುತ್ತದೆ. ಬಾಂಧವ್ಯವನ್ನೂ ಸತ್ಯವನ್ನೂ ಬಿಡದೆ ನಿಲ್ಲುವುದೇ ಆಕೆಯ ಛಲ.

ಇಂಥವಳು ಕಡೆಗೆ ಕುದುರೆಗಳ್ಳ ಜೆಮ್‌ನ ಬಂಡಿಯೇರುತ್ತಾಳೆ. ಕೊಲೆಗೆ ಹೇಸಿದ ಮನಸ್ಸು ಕಳವನ್ನು ಕ್ಷಮಿಸಿತೇ? ಕಾದಂಬರಿ ಇದನ್ನು ಪ್ರೇಮದ ಖಾತೆಗೆ ಬರೆದು ಲೆಕ್ಕ ಮುಗಿಸುತ್ತದೆ. ಆ ಬಂಡಿ ಹೊರಟಾಗ ಓದುಗರೂ ಹರ್ಷಿಸುತ್ತಾರೆ. ಇಷ್ಟವಾದವನ ದೋಷವನ್ನು ಮನಸ್ಸು ಎಷ್ಟು ಸುಲಭವಾಗಿ ಮರೆಯುತ್ತದೆಂಬುದಕ್ಕೆ ಆ ಹರ್ಷವೇ ಸಾಕ್ಷಿ. ಕಥೆಯನ್ನು ಸವಿದ ಮೇಲೆ ಆಲೋಚಿಸಬೇಕಾದದ್ದು ಅದನ್ನೇ.