ವಿಮೋಚನೆಯ ಕಾವ್ಯದಲ್ಲಿ ಕರುಣರಸ

ಹೈದರಾಬಾದು ಸಂಸ್ಥಾನದ ವಿಮೋಚನೆಯನ್ನು ಕುರಿತು ಬೀದರ, ಭಾಲ್ಕಿ, ಔರಾದ ಪ್ರಾಂತದಲ್ಲಿ ಹುಟ್ಟಿದ ಹಾಡು, ಪದ್ಯ, ರೂಪಕಗಳಲ್ಲಿ ವೀರರಸಕ್ಕೇ ಅಗ್ರಪೂಜೆ ಸಲ್ಲುತ್ತ ಬಂದಿದೆ. ಇದು ಅನುಚಿತವೆಂದು ಯಾರೂ ಹೇಳಲಾರರು. 1947ರಲ್ಲಿ ನಿಜಾಮನು ಭಾರತವನ್ನು ಸೇರಲೊಪ್ಪದಿರಲು, ಕಾಸಿಂ ರಜ್ವಿಯ ರಜಾಕಾರರಿಗೆ ಎದೆಯೊಡ್ಡಿ ನಿಂತವರಲ್ಲಿ ಉತ್ಸಾಹವೆಂಬ ಸ್ಥಾಯಿಭಾವವು ಪ್ರತ್ಯಕ್ಷವಾಗಿದ್ದಿತು. ಅದಕ್ಕೂ ಮೊದಲೇ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರಷ್ಟೆ. ಖಡ್ಗವಿಲ್ಲದ ಆ ಧೈರ್ಯವೂ ವೀರವೇ ಸರಿ.

ಆದರೆ 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರ ಕೈಯಿಂದ ಮಡಿದವರು ರಣಾಂಗಣಕ್ಕೆ ಹೋದವರಲ್ಲ. ತಮ್ಮ ಊರಿನಲ್ಲಿಯೇ ಇದ್ದ ಒಕ್ಕಲುಮಕ್ಕಳು, ವ್ಯಾಪಾರಿಗಳು. ಅವರ ಮರಣಕ್ಕೆ ಸ್ಥಾಯಿಯು ಶೋಕವೇ ಹೊರತು ಉತ್ಸಾಹವಲ್ಲ. ಪದ್ಯಕಾರರಲ್ಲಿ ಹಲವರು ಹೆಣದ ಬಳಿ ಅರೆಗಳಿಗೆಯೂ ನಿಲ್ಲದೆ ಜಯಘೋಷಕ್ಕೆ ಧಾವಿಸುವರು. ಸತ್ತವನ ಕಸುಬೇನು, ಅವನು ಬಿಟ್ಟುಹೋದ ಹೊಲವನ್ನು ಆ ವರ್ಷ ಯಾರು ಬಿತ್ತಿದರು ಎಂಬುದು ಆ ಪದ್ಯಗಳಿಂದ ತಿಳಿಯದು. ವಿಭಾವವಿಲ್ಲದೆ ರಸವೆಲ್ಲಿಯದು?

ಇದಕ್ಕಿಂತಲೂ ದೊಡ್ಡದಾದ ದೋಷವು ಮೌನದ್ದು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯು ಬಂದು ರಜಾಕಾರರ ಹಾವಳಿ ಅಡಗಿದ ಮೇಲೆ, ನಿರಪರಾಧಿಗಳಾದ ಮುಸಲ್ಮಾನರು ಬಹುಸಂಖ್ಯೆಯಲ್ಲಿ ಹತರಾದರು. ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ 27,000ದಿಂದ 40,000 ಜನರು ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ವರದಿಯು ದಶಕಗಳವರೆಗೆ ಬೆಳಕು ಕಾಣಲಿಲ್ಲ. ವರದಿಯನ್ನು ಮುಚ್ಚಿಡುವುದು ರಾಜ್ಯಾಂಗದ ಮಾತಾಯಿತು. ನೆರೆಮನೆಯ ಅಳುವನ್ನು ಕೇಳದಿರುವುದು ಕವಿಧರ್ಮವೆ? ಈ ಮಾತಿನಿಂದ ರಜಾಕಾರರ ಪಾಪವು ಎಳ್ಳಷ್ಟೂ ಕಡಿಮೆಯಾಗದು.

ಭಾರತದ ಸ್ತ್ರೀಪರ್ವದಲ್ಲಿ ಗಾಂಧಾರಿಯು ತನ್ನ ನೂರು ಮಕ್ಕಳಿಗಾಗಿ ಅತ್ತು, ಶತ್ರುಪಕ್ಷದ ಅಭಿಮನ್ಯುವಿಗಾಗಿಯೂ ಕೊರಗುತ್ತಾಳೆ. ವ್ಯಾಸರು ಅಲ್ಲಿ ಧರ್ಮಾಧರ್ಮಗಳ ನಿರ್ಣಯವನ್ನು ಕೈಬಿಡಲಿಲ್ಲ. ಕಣ್ಣೀರಿಗೆ ಮಾತ್ರ ಪಕ್ಷವನ್ನು ಕಟ್ಟಲಿಲ್ಲ. ಈಚಿನ ಕಾಲದಲ್ಲಿ, 1971ರ ಬಂಗಾಳಿ ಸ್ವಾತಂತ್ರ್ಯಸಮರದಲ್ಲಿ ಮಗನನ್ನು ಕಳೆದುಕೊಂಡ ಜಹಾನಾರಾ ಇಮಾಮರು ಢಾಕೆಯ ತಮ್ಮ ಮನೆಯ ದಿನಚರಿಯನ್ನೇ 1986ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಘೋಷಣೆಗಿಂತ ದಿನದಿನದ ಸಂಸಾರದ ವಿವರವೇ ಅಲ್ಲಿ ಓದುಗರ ಕರುಳನ್ನು ಹಿಂಡುವುದು.

ಬೀದರ ಸೀಮೆಯ ವಿಮೋಚನೆಗೆ ಅಂತಹ ಕಾವ್ಯವೊಂದು ಸಲ್ಲಬೇಕಾಗಿದೆ. ಗೋರ್ಟಾದ ತಾಯಿಯೂ, ಅದೇ ವರ್ಷ ನಾಲ್ಕು ತಿಂಗಳ ತರುವಾಯ ಮಗನನ್ನು ಕಳೆದುಕೊಂಡ ಮುಸಲ್ಮಾನ ತಾಯಿಯೂ ಒಂದೇ ಪುಟದಲ್ಲಿ ಅಳಲು ಎಡೆಗೊಡುವ ಕವಿಯು ಬಂದಂದೇ ಆ ಋಣವು ತೀರುವುದು.