ಫೋನಿನ ಕಿವಿ, ಪುಸ್ತಕದ ಕನ್ನಡ

ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಈ ವಾಕ್ಯವನ್ನೋ ಇದರ ಅಣ್ಣತಮ್ಮಂದಿರನ್ನೋ ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಕಾದಂಬರಿ ಓದದವರು, ಪತ್ರಿಕೆ ತರಿಸದವರು, ಶಾಲೆಯ ಮೆಟ್ಟಿಲು ಹತ್ತದವರು ಕೂಡ ಇದನ್ನು ಎಷ್ಟೋ ಸಲ ಕೇಳಿದ್ದಾರೆ. ಇಷ್ಟೊಂದು ಜನರನ್ನು ತಲುಪಿದ ಕನ್ನಡ ಗದ್ಯ ಬೇರೆ ಯಾವುದಿದೆಯೋ ಗೊತ್ತಿಲ್ಲ. ಆದರೂ ಇದನ್ನು ಒಂದು ಕನ್ನಡ ವಾಕ್ಯವೆಂದು ನಾವು ನಿಂತು ಓದಿದವರಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಹಾಗೆ ಓದಿ ನೋಡುವುದು ಒಳ್ಳೆಯದು.

'ಚಂದಾದಾರರು' ಎಂಬ ಪದ ಬಂದಿರುವುದು ಪತ್ರಿಕೆ, ಸಂಘಸಂಸ್ಥೆಗಳ ಲೋಕದಿಂದ. 'ವ್ಯಾಪ್ತಿ ಪ್ರದೇಶ' ಬಂದಿರುವುದು ಕಚೇರಿಯ ಕಡತದಿಂದ. ಇದೇ ಸಂಗತಿಯನ್ನು ಅಂಗಳದಲ್ಲಿ ನಿಂತವರು 'ಲೈನ್ ಸಿಗ್ತಿಲ್ಲ', 'ಅಲ್ಲಿ ನೆಟ್‌ವರ್ಕ್ ಇಲ್ಲ' ಎಂದು ಮುಗಿಸುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತ ಪುಟ್ಟ ಪೆಟ್ಟಿಗೆ 'ಐವತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂಬ ಧಾಟಿಯಲ್ಲಿ ಸಾರುತ್ತದೆ. ಸ್ವೀಕರಿಸಿದವರು ಯಾರು, ಕೊಟ್ಟವರು ಯಾರು ಎಂಬುದು ಆ ಕರ್ಮಣಿ ಪ್ರಯೋಗದಲ್ಲಿ ಮಾಯವಾಗಿರುತ್ತದೆ. ಅದನ್ನು ಕೇಳಿಸಿಕೊಂಡ ಅಂಗಡಿಯಾಕೆ ಗಿರಾಕಿಗೆ ಹೇಳುವುದು ಎರಡೇ ಪದ: 'ಐವತ್ತು ಬಂತು.' ಯಂತ್ರದ ಕನ್ನಡವನ್ನು ಆಕೆ ಅಲ್ಲೇ ನಿಂತು ಆಡುಗನ್ನಡಕ್ಕೆ ಅನುವಾದಿಸುತ್ತಾಳೆ. ಈ ಅನುವಾದ ದಿನವೂ ನಡೆಯುತ್ತದೆ, ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇಲ್ಲಿಯವರೆಗಿನದು ಫೋನಿನ ನಾಲಗೆಯ ಮಾತು. ಯಂತ್ರ ತಪ್ಪಾಗಿಯೋ ಬಿಗಿಯಾಗಿಯೋ ಮಾತಾಡಿದರೆ ನಾವು ಹೊಂದಿಸಿಕೊಳ್ಳಬಹುದು. ಈಗ ಅದಕ್ಕೆ ಕಿವಿಯೂ ಬಂದಿದೆ, ತೊಡಕು ಶುರುವಾಗುವುದು ಇಲ್ಲಿಂದ. 2011ರ ಅಕ್ಟೋಬರಿನಲ್ಲಿ ಐಫೋನಿನೊಡನೆ ಸಿರಿ ಬಂತು. 2017ರ ಆಗಸ್ಟಿನಲ್ಲಿ ಗೂಗಲ್ಲಿನ ದನಿ ಬರವಣಿಗೆಗೆ ಒಮ್ಮೆಗೇ ಸೇರಿದ 30 ಭಾಷೆಗಳಲ್ಲಿ ಕನ್ನಡವೂ ಒಂದು. ಅಂದಿನಿಂದ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ಸೋತವರು ಮೈಕಿನ ಚಿತ್ರ ಒತ್ತಿ ಮಾತಾಡತೊಡಗಿದರು. ಕಣ್ಣು ಕಾಣದವರಿಗೆ, ಬೆರಳು ನಡುಗುವವರಿಗೆ, ಕೆಲಸದಲ್ಲಿ ಕೈ ತುಂಬಿರುವವರಿಗೆ ಇದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವಂತಿಲ್ಲ. ನನ್ನ ಪ್ರಶ್ನೆ ಇಷ್ಟೇ: ಈ ಕಿವಿ ಯಾರ ಕನ್ನಡವನ್ನು ಕೇಳಿ ಬೆಳೆದಿದೆ?

ಯಂತ್ರ ಮಾತನ್ನು ಗುರುತಿಸುವ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು. ದನಿಯನ್ನು ಅದು ಸಣ್ಣ ಸಣ್ಣ ತುಣುಕು ಮಾಡಿ, ಒಂದೊಂದು ತುಣುಕೂ ಯಾವ ಅಕ್ಷರವಾಗಿರಬಹುದು ಎಂದು ಲೆಕ್ಕ ಹಾಕುತ್ತದೆ. ಲೆಕ್ಕ ಅನುಮಾನದಲ್ಲಿ ನಿಂತಾಗ, ಈ ಪದದ ಪಕ್ಕದಲ್ಲಿ ಯಾವ ಪದ ಬರುವುದು ಸಹಜ ಎಂದು ತಾನು ಮೊದಲೇ ಉಂಡ ಬರಹದ ರಾಶಿಯ ಮೇಲೆ ಒರಗುತ್ತದೆ. ಆ ರಾಶಿಯಲ್ಲಿ ಹೆಚ್ಚಾಗಿರುವುದು ಸುದ್ದಿ, ಸರ್ಕಾರಿ ಪ್ರಕಟಣೆ, ವಿಶ್ವಕೋಶದ ಲೇಖನಗಳಂಥ ಅಚ್ಚಿನ ಕನ್ನಡ. ದನಿಯ ಮಾದರಿಗಳನ್ನೂ ಬಹಳ ಸಲ ಬರೆದ ವಾಕ್ಯವನ್ನು ಕೊಟ್ಟು, ಗಟ್ಟಿಯಾಗಿ ಓದಿಸಿಯೇ ಸಂಗ್ರಹಿಸುತ್ತಾರೆ. ಹೀಗೆ ಓದಿಸಿದಾಗ ಮನೆಯಲ್ಲಿ ಬೇರೆ ರೀತಿ ಮಾತಾಡುವವರೂ ಪಾಠ ಒಪ್ಪಿಸುವ ಮಕ್ಕಳ ದನಿಗೆ ಬರುತ್ತಾರೆ. ಕಿವಿಗೆ ಸಿಗುವುದು ಬಾಯಿಯ ಮೂಲಕ ಬಂದ ಪುಸ್ತಕ.

ಪುಸ್ತಕದ 'ಹೋಗುತ್ತೇನೆ' ಬೆಂಗಳೂರಿನಲ್ಲಿ 'ಹೋಗ್ತೀನಿ', ಮಂಡ್ಯದ ಕಡೆ 'ಓಯ್ತೀನಿ', ಧಾರವಾಡದ ಕಡೆ 'ಹೋಗತೇನಿ', ಕುಂದಾಪುರದಲ್ಲಿ 'ಹೋತೆ'. ಇನ್ನು ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಹ' ಉದುರುತ್ತದೆ: ಹಾಲು 'ಆಲು', ಹಬ್ಬ 'ಅಬ್ಬ', ಹಕ್ಕಿ 'ಅಕ್ಕಿ'. 'ಅಕ್ಕಿ ಆರೋಯ್ತು' ಎಂದರೆ ಹಕ್ಕಿ ಹಾರಿಹೋಯಿತೋ, ತೊಳೆದು ಹರವಿದ ಅಕ್ಕಿ ಒಣಗಿತೋ? ಎದುರಿಗೆ ನಿಂತವರಿಗೆ ಈ ಅನುಮಾನ ಬರುವುದೇ ಇಲ್ಲ. ಮಾತಾಡುವವರ ಕಣ್ಣು ಮರದ ಕಡೆಗಿದೆಯೋ ಮೊರದ ಕಡೆಗಿದೆಯೋ ಎಂಬುದು ಅವರಿಗೆ ಕಾಣುತ್ತದೆ. ಆ ಕಣ್ಣು ಎತ್ತ ನೋಡುತ್ತಿದೆ ಎಂಬುದು ದನಿಯನ್ನಷ್ಟೇ ಕೇಳುವ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದು ಬರಹದ ರಾಶಿಯನ್ನು ನಂಬಿ ಒಂದನ್ನು ಆರಿಸುತ್ತದೆ.

'ಅ' ಮತ್ತು 'ಹ' ಜಗಳ ಬರೀ ಉಚ್ಚಾರಣೆಯದಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಅದರ ಹಿಂದೆ ಊರು, ಜಾತಿ, ಓದು ಎಲ್ಲವೂ ಇವೆ. ತರಗತಿಯಲ್ಲಿ ಎದ್ದು ನಿಂತು ಪಾಠ ಓದುವಾಗ 'ಹ' ಬಿದ್ದುಹೋಗಿ ನಗೆಗೀಡಾದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಅವರು ಮುಂದೆ 'ಹ' ಕಲಿತರು, ಕೆಲವರು ಭಯಕ್ಕೆ ಬೇಡದ ಕಡೆಯಲ್ಲೂ ಅದನ್ನು ಸೇರಿಸಿ ಮತ್ತೆ ನಗೆಗೀಡಾದರು. ಈಗ ಫೋನು 'ಕ್ಷಮಿಸಿ, ಅರ್ಥವಾಗಲಿಲ್ಲ' ಎಂದಾಗ ಅದೇ ತರಗತಿ ಅಂಗೈಗೆ ಬಂದ ಹಾಗೆ. ಎರಡನೆಯ ಸಲ ಹೇಳುವಾಗ ಜನ ಸದ್ದು ಏರಿಸುತ್ತಾರೆ, ಮೂರನೆಯ ಸಲಕ್ಕೆ ವಾರ್ತೆ ಓದುವವರ ಕನ್ನಡಕ್ಕೆ ಬರುತ್ತಾರೆ. ತಿದ್ದಿಕೊಂಡವರು ಮನುಷ್ಯರು, ಯಂತ್ರ ಇದ್ದ ಹಾಗೆಯೇ ಇದೆ.

ಯಂತ್ರಕ್ಕೆ ಅರ್ಥವಾದಾಗಲೂ ವಿಷಯ ಮುಗಿಯುವುದಿಲ್ಲ. 'ಆಲು' ಎಂದದ್ದನ್ನು ಅದು ಸದ್ದಿಲ್ಲದೆ 'ಹಾಲು' ಎಂದು ಬರೆಯಬಹುದು. ಅಂಗಡಿಯಿಂದ ಸಾಮಾನು ತರಿಸಲು ಇದು ಒಳ್ಳೆಯದೇ. ಆದರೆ ಅಜ್ಜಿ ಹೇಳುವ ಕತೆಯನ್ನು ದನಿ ಬರವಣಿಗೆಯಲ್ಲಿ ಇಳಿಸಿಕೊಳ್ಳುವ ಜಾನಪದ ವಿದ್ಯಾರ್ಥಿಗೆ ಇದೇ ಉಪಕಾರ ನಷ್ಟವಾಗುತ್ತದೆ. ಕತೆ ಕಾಗದಕ್ಕೆ ಬರುತ್ತದೆ, ಅಜ್ಜಿಯ ನುಡಿ ಬರುವುದಿಲ್ಲ. ಮುಂದೆ ಆ ಕಾಗದವನ್ನೇ ನೋಡಿದವರು ಆಕೆ ಹೀಗೆಯೇ ಮಾತಾಡುತ್ತಿದ್ದಳೆಂದು ನಂಬುತ್ತಾರೆ.

ಇಂಥ ಯಂತ್ರಗಳು ಎಷ್ಟು ಚೆನ್ನಾಗಿವೆ ಎಂದು ಅಳೆಯುವ ಬಗೆಯಲ್ಲೂ ಇದೇ ಪಕ್ಷಪಾತ ಇದೆ. ಸಾಮಾನ್ಯವಾಗಿ ಬಳಸುವ ಅಳತೆ, ನೂರು ಪದಗಳಿಗೆ ಎಷ್ಟು ಪದ ತಪ್ಪಿತು ಎಂಬುದು. ಇಂಗ್ಲಿಷಿನಲ್ಲಿ ಐದಾರು ಪದಗಳಾಗಿ ಹರಡಿಕೊಳ್ಳುವ ಅರ್ಥ ಕನ್ನಡದಲ್ಲಿ 'ಮಾಡಿಕೊಂಡುಬಿಟ್ಟಿದ್ದಾನಂತೆ' ಎಂಬ ಒಂದೇ ಪದದಲ್ಲಿ ಕೂರುತ್ತದೆ. ಅದರಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಇಡೀ ಪದ ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಸಂಗತಿ, ಸರಿ ಉತ್ತರವನ್ನು ಬರೆದಿಡುವವರು ಯಾರು ಎಂಬುದು. ದನಿ ಕೇಳಿ ಬರೆದುಕೊಳ್ಳುವವರು 'ಓಯ್ತೀನಿ'ಯನ್ನು 'ಹೋಗುತ್ತೇನೆ' ಎಂದು ಬರೆದಿಟ್ಟರೆ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುವ ಯಂತ್ರವೇ ಪರೀಕ್ಷೆಯಲ್ಲಿ ಸೋಲುತ್ತದೆ.

ಕನ್ನಡ ಸಾಹಿತ್ಯಕ್ಕೆ ಈ ಇಕ್ಕಟ್ಟು ಹೊಸತಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡವನ್ನು ಬಹುವಚನದಲ್ಲಿ ಎಣಿಸಿ, ಈ ದೇಸಿಗಳ ಭೇದವನ್ನು ಲೆಕ್ಕ ಹಾಕಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು ಹೇಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕೈಲಾಸಂ ಇಂಗ್ಲಿಷ್ ಬೆರೆತ ಮನೆಮಾತನ್ನು ರಂಗಕ್ಕೆ ತಂದರು, ಬೇಂದ್ರೆ ಧಾರವಾಡದ ಆಡುನುಡಿಯನ್ನು ಕಾವ್ಯದ ನುಡಿಯಾಗಿಸಿದರು. 1984ರಲ್ಲಿ ಬಂದ ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಸೀಮೆಯ ಮಾತಿನಲ್ಲೇ ಇಡೀ ಕತೆ ಹೇಳಿತು. ಬೇರೆ ಜಿಲ್ಲೆಯ ಓದುಗರು ಅದರ ಮೊದಲ ಪುಟಗಳಲ್ಲಿ ಎಡವುತ್ತಾರೆ. ಗಟ್ಟಿಯಾಗಿ ಓದಿಕೊಂಡರೆ ಅದು ಬಿಡಿಸಿಕೊಳ್ಳತೊಡಗುತ್ತದೆ. ಅಲ್ಲಿ ಲೇಖಕರು ಓದುಗರಿಗೆ 'ನಿಮ್ಮ ಕಿವಿ ತಿದ್ದಿಕೊಳ್ಳಿ' ಎಂದಿದ್ದರು, ಓದುಗರು ತಿದ್ದಿಕೊಂಡರು. ಫೋನಿನ ಮುಂದೆ ಇದು ತಿರುಗುಮುರುಗಾಗಿದೆ. ಕಿವಿಯನ್ನು ಬಿಟ್ಟು ಬಾಯನ್ನು ತಿದ್ದಿಕೊಳ್ಳಬೇಕಾಗಿದೆ.

ದನಿಯೊಂದನ್ನೇ ನಂಬಿದರೆ ಹೀಗಾಗುತ್ತದೆ, ಜೊತೆಗೆ ತೆರೆ ಮತ್ತು ಬೆರಳು ಇದ್ದರೆ ಸರಿಹೋಗುತ್ತದೆ ಎಂಬುದು ತಂತ್ರಜ್ಞರ ಉತ್ತರ. ಈ ಯೋಚನೆಗೆ ಒಳ್ಳೆಯ ಹಿನ್ನೆಲೆಯೂ ಇದೆ. 1980ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಬೋಲ್ಟ್ ಒಂದು ಪ್ರಯೋಗವನ್ನು ವಿವರಿಸಿದರು. ಗೋಡೆಯಗಲದ ತೆರೆಯ ಮುಂದೆ ಕುರ್ಚಿಯಲ್ಲಿ ಕೂತವರು ಕೈ ತೋರಿಸಿ 'ಅದನ್ನ ಅಲ್ಲಿಡು' ಎಂದರೆ ಯಂತ್ರ ಹಾಗೆಯೇ ಮಾಡುತ್ತಿತ್ತು. 'ಅದು', 'ಅಲ್ಲಿ' ಎಂಬ ಪದಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ, ಅರ್ಥ ತುಂಬುವುದು ಬೆರಳು. ಅಕ್ಕಿಯೋ ಹಕ್ಕಿಯೋ ಎಂಬ ಗೊಂದಲವನ್ನು ಬಗೆಹರಿಸುವ ಆ ಕಣ್ಣಿನ ಕೆಲಸವನ್ನು ಅಲ್ಲಿ ಕೈ ಮಾಡುತ್ತಿತ್ತು. ಮನುಷ್ಯರು ಮಾತಾಡುವುದೇ ಹೀಗೆ, ಬಾಯಿ ಅರ್ಧ ಹೇಳಿದ್ದನ್ನು ಕೈ ಕಣ್ಣು ಪೂರೈಸುತ್ತವೆ.

ನಮ್ಮ ಕೈಯಲ್ಲಿರುವ ಫೋನಿನಲ್ಲಿ ಈ ಕೂಡುವಿಕೆ ಹೇಗಿದೆ ನೋಡಿ. ನೀವು ಮಾತಾಡುತ್ತೀರಿ, ಮಾತು ತೆರೆಯ ಮೇಲೆ ಅಕ್ಷರವಾಗಿ ಮೂಡುತ್ತದೆ, ತಪ್ಪಿದ್ದರೆ ಆ ಪದವನ್ನು ಮುಟ್ಟಿ ತಿದ್ದುತ್ತೀರಿ. ಓದು ಬಲ್ಲವರಿಗೆ ಇದು ಸಲೀಸು. ಓದು ಬಾರದವರಿಗೆ? ತಾವು ಹೇಳಿದ್ದನ್ನು ಫೋನು ಸರಿಯಾಗಿ ಕೇಳಿಸಿಕೊಂಡಿತೇ ಎಂದು ತಿಳಿಯಲಿಕ್ಕೂ ಅವರು ಓದಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಕ್ಷರಸ್ಥರು ಶೇ. 75, ಹೆಂಗಸರಲ್ಲಿ ಶೇ. 68, ಯಾದಗಿರಿ ಜಿಲ್ಲೆಯಲ್ಲಿ ಶೇ. 52ರ ಆಸುಪಾಸು. ಅಕ್ಷರ ಬಾರದವರಿಗೆ ದನಿಯೇ ದಾರಿ ಎಂದು ಈ ಯಂತ್ರಗಳ ಪರವಾಗಿ ಸದಾ ವಾದಿಸಲಾಗುತ್ತದೆ. ಆದರೆ ದಾರಿ ತಪ್ಪಿದರೆ ಹಿಂದಿರುಗುವ ಬಾಗಿಲಿಗೆ ಅಕ್ಷರದ ಬೀಗ ಹಾಕಿದೆ. ಹಾಡು ಹಾಕಿಸುವಾಗ ತಪ್ಪಾದರೆ ನಕ್ಕು ಬಿಡಬಹುದು. ಹಣ ಕಳಿಸುವಾಗ, ಔಷಧದ ಪ್ರಮಾಣ ಕೇಳುವಾಗ, ಪಿಂಚಣಿಯ ಅರ್ಜಿ ತುಂಬುವಾಗ ತಪ್ಪಾದರೆ ನಗುವ ಹಾಗಿಲ್ಲ. ಆಗ ಅವರು ಮತ್ತೆ ಪಕ್ಕದ ಮನೆಯ ಹುಡುಗನನ್ನೇ ಕರೆಯಬೇಕು. ತಮ್ಮ ಹಣ, ತಮ್ಮ ಕಾಯಿಲೆ ಅವನಿಗೂ ಗೊತ್ತಾಗುತ್ತದೆ.

ಜನ ತಾವಾಗಿಯೇ ಒಪ್ಪಿಕೊಂಡ ದನಿ ಯಾವುದೆಂದು ನೋಡಿದರೆ ಒಂದು ಸುಳಿವು ಸಿಗುತ್ತದೆ. 2013ರಲ್ಲಿ ವಾಟ್ಸ್ಆ್ಯಪ್‌ಗೆ ಬಂದ ದನಿ ಸಂದೇಶವನ್ನು ಇವತ್ತು ಓದು ಬಾರದವರೂ ಹಿಂಜರಿಕೆಯಿಲ್ಲದೆ ಬಳಸುತ್ತಾರೆ. ಅಲ್ಲಿ ಫೋನು ಏನನ್ನೂ ಅರ್ಥ ಮಾಡಿಕೊಳ್ಳಬೇಕಾಗಿಲ್ಲ, ಹೊತ್ತು ಮುಟ್ಟಿಸಿದರೆ ಸಾಕು. 'ಅಬ್ಬಕ್ಕೆ ಬಾರವ್ವ' ಎಂದು ತಾಯಿ ಹೇಳಿದ್ದು ಮಗಳಿಗೆ ಹಾಗೆಯೇ ಮುಟ್ಟುತ್ತದೆ. ಛತ್ತೀಸ್‌ಗಢದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಇನ್ನೂ ಮುಂದೆ ಹೋಯಿತು. ಅಲ್ಲಿನ ಜನ ಸಾದಾ ಫೋನಿನಿಂದ ಒಂದು ಸಂಖ್ಯೆಗೆ ಕರೆ ಮಾಡಿ, ಒಂದು ಗುಂಡಿ ಒತ್ತಿ ತಮ್ಮೂರಿನ ಸಮಸ್ಯೆಯನ್ನು ಗೊಂಡಿಯಂಥ ತಮ್ಮ ಮಾತಿನಲ್ಲೇ ದಾಖಲಿಸುತ್ತಿದ್ದರು, ಇನ್ನೊಂದು ಗುಂಡಿ ಒತ್ತಿ ಬೇರೆಯವರದನ್ನು ಕೇಳುತ್ತಿದ್ದರು. ದನಿ ಮತ್ತು ಬೆರಳು ಎರಡೂ ಅಲ್ಲಿದ್ದವು, ಅಕ್ಷರ ಬೇಕಿರಲಿಲ್ಲ. ಬಂದ ಮಾತನ್ನು ಕೇಳಿ, ಪರಿಶೀಲಿಸಿ, ಮುಂದೆ ಕಳಿಸಲು ಮನುಷ್ಯರಿದ್ದರು.

ಯಂತ್ರದ ಕಿವಿಯನ್ನು ಬೆಳೆಸುವ ಬಗೆಯೂ ಬದಲಾಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್, ಗೂಗಲ್ಲಿನ ಬೆಂಬಲದಿಂದ ನಡೆಸುತ್ತಿರುವ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗೆ ಹೋಗಿ ಮಾತು ಸಂಗ್ರಹಿಸುತ್ತಾರೆ. ಅಲ್ಲಿ ಓದಲು ವಾಕ್ಯ ಕೊಡುವ ಬದಲು ಚಿತ್ರ ತೋರಿಸಿ 'ಇದರ ಬಗ್ಗೆ ಹೇಳಿ' ಎನ್ನುತ್ತಾರೆ. ಸಣ್ಣದೆನಿಸುವ ಈ ಬದಲಾವಣೆಯಿಂದ ಬರುವ ಕನ್ನಡವೇ ಬೇರೆ. ಎದುರಿಗೆ ಅಕ್ಷರವಿಲ್ಲದಾಗ ಜನ ಪಾಠ ಒಪ್ಪಿಸುವುದಿಲ್ಲ, ಮಾತಾಡುತ್ತಾರೆ. ಓದು ಬಾರದವರ ದನಿಯೂ ಮಾದರಿಗೆ ಸೇರುತ್ತದೆ. ಆದರೆ ಆ ಮಾತನ್ನು ಬರಹಕ್ಕಿಳಿಸುವ ಮೇಜಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ. 'ಓಯ್ತೀನಿ'ಯನ್ನು ಹೇಗೆ ಬರೆಯಬೇಕು ಎಂಬುದು ಎಂಜಿನಿಯರರು ಒಬ್ಬರೇ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಕುಸುಮಬಾಲೆಯನ್ನು ಓದಿಸುವ ಮೇಷ್ಟ್ರುಗಳು, ಉಪಭಾಷೆಗಳ ಮೇಲೆ ಪ್ರಬಂಧ ಬರೆದವರು, ಜಾನಪದ ಸಂಗ್ರಹಕಾರರು ಆ ಮೇಜಿನಲ್ಲಿ ಕೂರಬೇಕು. ನಮ್ಮ ಕನ್ನಡ ವಿಭಾಗಗಳು ಇದನ್ನು ತಮ್ಮ ಕೆಲಸವೆಂದು ಇನ್ನೂ ಎಣಿಸಿದಂತಿಲ್ಲ.

ಹಾಗೆ ಕೂತವರು ಕೇಳಬೇಕಾದವು ಕೆಲವೇ. ಕೇಳಿದ ಮಾತನ್ನು ಎರಡು ಸಾಲಿನಲ್ಲಿ ಇಡಿ, ಆಡಿದ್ದು ಒಂದು, ಅಚ್ಚಿನ ರೂಪ ಇನ್ನೊಂದು. ಪರೀಕ್ಷೆಯ ಅಂಕವನ್ನು ಇಡೀ ಕನ್ನಡಕ್ಕೆ ಒಂದೇ ಎಂದು ಹೇಳದೆ, ಕಲಬುರಗಿಗೆ ಎಷ್ಟು, ಕುಂದಾಪುರಕ್ಕೆ ಎಷ್ಟು ಎಂದು ಬಿಡಿಸಿ ಹೇಳಿ. ಹಣ, ಔಷಧ, ಅರ್ಜಿಯ ವಿಷಯದಲ್ಲಿ ಕೇಳಿಸಿಕೊಂಡದ್ದನ್ನು ಅಕ್ಷರದಲ್ಲಿ ಮಾತ್ರ ತೋರಿಸದೆ, ದನಿಯಲ್ಲೂ ಚಿತ್ರದಲ್ಲೂ ತಿರುಗಿ ಹೇಳಿ: 'ತಮ್ಮನಿಗೆ ಐನೂರು ಕಳಿಸಬೇಕು ಅಂದ್ರಿ, ಹೌದಾ?' ಅಂಗಡಿಯಾಕೆ ದಿನವೂ ಮಾಡುವುದು ಇದನ್ನೇ. 'ಎಷ್ಟಂದ್ರಿ, ಅರ್ಧ ಕೆಜಿನಾ?' ಎಂದು ಕೇಳದೆ ಆಕೆ ತೂಕಕ್ಕೆ ಇಡುವುದಿಲ್ಲ.